ಗೇಟಿನವ್ವನ ಎಡಹುರಿ ಹಗ್ಗ

ಮೊನ್ನೆ ಚನ್ನಪಟ್ಟಣದಿಂದ ತೊಟ್ಟಿಲು ಬಂತು. ಬಣ್ಣಕ್ಕೆ ಪೆಟ್ಟಾಗದಿರಲಿ ಎಂದು ಅದರ ಕಾಲು, ಕಂಬಿ, ಮೇಲಿನ ಗಿಳಿಗಳಿಗೆಲ್ಲ ಭತ್ತದ ಹುಲ್ಲು ಸುತ್ತಿ, ಹುಲ್ಲಿನದೇ ಹಗ್ಗದಲ್ಲಿ ಬಿಗಿದಿದ್ದರು. ನನ್ನ ಮೊಮ್ಮಗಳು ಹೆತ್ತಿದ್ದಾಳೆ. ಹೆಣ್ಣುಮಗು. ಕಾದು ಕಾದು, ಇನ್ನು ಆಗುವುದೇ ಇಲ್ಲವೇನೋ ಎಂದುಕೊಂಡ ಮೇಲೆ ಆದ ಮಗು. ನನ್ನ ಸಂತೋಷ ಹೇಳಿ ಮುಗಿಯುವುದಿಲ್ಲ. ಹಾಲಿನವನಿಗೆ ಹೇಳಿದೆ, ಕರೆಂಟಿನ ಮೀಟರು ನೋಡಲು ಬಂದವನಿಗೂ ಹೇಳಿದೆ, ಅವನು ಪಾಪ ಬಿಸಿಲಲ್ಲಿ ನಿಂತು ಪೂರ್ತಿ ಕೇಳಿದ. ಆದರೆ ಮೈ ಒಪ್ಪುತ್ತಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ನೀರು ಹೊಯ್ದು, ಸಾಂಬ್ರಾಣಿ ಹೊಗೆ ತೋರಿಸಿ ಮುಗಿಸುವ ಹೊತ್ತಿಗೆ ಸೊಂಟ ಎಲ್ಲಿದೆ ಎಂದು ಹುಡುಕಬೇಕು. ಬೇರೆಯವರು ಮಾಡುತ್ತೇವೆ ಎಂದರೆ ಬಿಡಲು ಮನಸ್ಸಿಲ್ಲ.

ಮಗು ಮಲಗಿದ ಮೇಲೆ ತೊಟ್ಟಿಲಿನ ಹುಲ್ಲು ಬಿಚ್ಚಲು ಕೂತೆ. ಒಣಹುಲ್ಲಿನ ವಾಸನೆ ಗಪ್ಪೆಂದು ಮೂಗಿಗೆ ಬಂತು. ಕೈ ತಾನಾಗಿ ಹಗ್ಗದ ತುದಿ ಹಿಡಿಯಿತು, ಕಣ್ಣು ತಾನಾಗಿ ಹುರಿ ಎಡಕ್ಕೋ ಬಲಕ್ಕೋ ಎಂದು ನೋಡಿತು. ಹುಲ್ಲಿನ ಹಗ್ಗ ಎಲ್ಲಿ ಕಂಡರೂ ಹೀಗೆಯೇ... ಈ ಚಟ ನನಗೆ ಹತ್ತಿಸಿದವಳು ಗೇಟಿನವ್ವ.

ನಾನು ಆತಗೂರು ಕಡೆಯವಳು. ಮದುವೆಯಾಗಿ ಬಂದದ್ದು ಮದ್ದೂರಿಗೆ, ರೈಲ್ವೆ ಗೇಟಿನ ಪಕ್ಕದ ಮನೆಗೆ. ನಮ್ಮ ಬೇಲಿಗೂ ಗೇಟು ಕಾಯುವವರ ಮನೆಗೂ ನಡುವೆ ಒಂದು ಹೊಂಗೆಮರವಷ್ಟೇ ಇತ್ತು. ಗೇಟು ಕಾಯುವಾತನನ್ನು ಊರೆಲ್ಲ ಗೇಟಿನಯ್ಯ ಎನ್ನುತ್ತಿತ್ತು, ಆತನ ಹೆಂಡತಿ ಗೇಟಿನವ್ವ. ಮಳವಳ್ಳಿ ಕಡೆಯಿಂದ ಬರುವ ಕಬ್ಬಿನ ಗಾಡಿಗಳು ಆ ಗೇಟು ದಾಟಿಯೇ ಮಂಡ್ಯದ ಸಕ್ಕರೆ ಮಿಲ್ಲಿನ ದಾರಿ ಹಿಡಿಯಬೇಕಿತ್ತು. ನಮ್ಮ ಯಜಮಾನರದೂ ಒಂದು ಗಾಡಿ. ಗೇಟು ಮುಚ್ಚಿ ಬೀಗ ಬಿದ್ದ ಮೇಲೆಯೇ ಸಿಗ್ನಲ್ಲಿನ ಕೈಮರ ಇಳಿಯುವುದು, ಕೈಮರ ಇಳಿಯದೆ ರೈಲು ಮುಂದಕ್ಕೆ ಬರುವಂತಿಲ್ಲ. ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೇಟಿನವ್ವ ಎಡಚಿ. ಕುಡುಗೋಲು ಎಡಗೈಯಲ್ಲಿ, ಪೊರಕೆ ಎಡಗೈಯಲ್ಲಿ. ಊಟ ಮಾತ್ರ ಬಲಗೈಯಲ್ಲಿ, ಅದೂ ಅವರಮ್ಮ ಹೊಡೆದು ಕಲಿಸಿದ್ದಂತೆ. ಬಿಡುವಿದ್ದಾಗಲೆಲ್ಲ ಹುಲ್ಲುಮೆದೆಯ ಪಕ್ಕ ಕಾಲು ನೀಡಿ ಕೂತು ಹಗ್ಗ ಹೊಸೆಯುತ್ತಿದ್ದಳು. ಹುಲ್ಲುಹೊರೆ ಕಟ್ಟಲು, ಕಬ್ಬಿನ ಕಂತೆ ಬಿಗಿಯಲು ಸುತ್ತಿನವರು ಒಯ್ಯುತ್ತಿದ್ದರು. ಎಲ್ಲರ ಹಗ್ಗದ ಹುರಿ ಬಲಕ್ಕೆ ತಿರುಗಿದರೆ ಅವಳದು ಎಡಕ್ಕೆ. ತುದಿಯಲ್ಲಿ ಬೆರಳು ತೂರುವಷ್ಟು ಒಂದು ಕುಣಿಕೆ ಮಾಡಿ, ಉಳಿದ ಎಳೆಗಳನ್ನು ಹುರಿಯೊಳಕ್ಕೇ ಹಿಂದಕ್ಕೆ ತೂರಿಸಿ ಮುಗಿಸುತ್ತಿದ್ದಳು. ಎಳೆಗರು ಕಟ್ಟಿದಾಗ ಕತ್ತಿಗೆ ಚುಚ್ಚದಿರಲಿ ಎಂದು ಅವಳೇ ಕಂಡುಕೊಂಡದ್ದು. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ.

ನನ್ನ ಚೊಚ್ಚಲ ಮಗ ಹುಟ್ಟಿದಾಗ ಜೋಲಿ ಕಟ್ಟಲು ನಾರಿನ ಹಗ್ಗ ಹೊಸೆದು ತಂದವಳು ಅವಳೇ. ನಮ್ಮತ್ತೆ ಹುರಿ ನೋಡಿ ಮುಖ ಗಂಟಿಕ್ಕಿದರು.

"ಎಡಹುರೀಲಿ ಮಗ ತೂಗಾರೇನಮ್ಮಿ? ನೋಡ್ದೋರು ಏನಂದಾರು?"

"ನನ್ ಮಗನ್ನೂ ಇದ್ರಲ್ಲೇ ತೂಗಿದ್ದು ಕಣಕ್ಕ. ಯಾಕೆ, ಹೋರಿ ಇದ್ದಂಗೆ ಬೆಳೀಲಿಲ್ವಾ?"

"ಅದ್ಕೇ ಮನೇಲಿ ನಿಲ್ನಿಲ್ಲ," ಎಂದುಬಿಟ್ಟರು ನಮ್ಮತ್ತೆ. ಅಂದ ಮೇಲೆ ಅವರಿಗೇ ಹೇಗೋ ಆಯಿತು, ಒಲೆಯ ಕಡೆ ತಿರುಗಿಕೊಂಡರು. ಗೇಟಿನವ್ವ ಜೋಲಿಯ ಗಂಟನ್ನು ಎರಡು ಕೈಯಲ್ಲೂ ಜಗ್ಗಿ, ಗಟ್ಟಿಯಿದೆಯೇ ಎಂದು ನೋಡಿ ಹೋದಳು.

ಅವಳ ಒಬ್ಬನೇ ಮಗ ಮನೆ ಬಿಟ್ಟು ಆಗಲೇ ವರುಷದ ಮೇಲಾಗಿತ್ತು. ಅವನೂ ತಾಯಿಯಂತೆ ಎಡಚ, ಹಗ್ಗ ಹೊಸೆಯಲು ಅವಳ ಪಕ್ಕದಲ್ಲೇ ಕೂತು ಕಲಿತವನು. ಅಪ್ಪನಿಗೆ ತನ್ನ ಬಾವುಟ ಮಗನ ಕೈಗೆ ಬರಲಿ ಎಂಬ ಆಸೆ. ಮಗನಿಗೆ ಯಂತ್ರದ ಹುಚ್ಚು. ರೈಲು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿ ಇದು ಇಂಥ ಇಂಜಿನ್ನು ಎನ್ನುತ್ತಿದ್ದನಂತೆ. ಒಂದು ದಿನ ಊಟಕ್ಕೆ ಕೂತಾಗ, "ಜಲ್ಮೆಲ್ಲಾ ಗೇಟು ಆಕದು, ತಗ್ಯದು ಮಾಡ್ಕಂಡು ಕೂರಾಕೆ ನನ್ಕೈಲಾಗಾಕಿಲ್ಲ" ಎಂದ. ಅಪ್ಪ ಅವನ ಮುಂದಿದ್ದ ತಟ್ಟೆಯನ್ನು ಮುದ್ದೆಯ ಸಮೇತ ಅಂಗಳಕ್ಕೆ ಎಸೆದ. "ಹೋಗು. ಇನ್ನ ಈ ಗೇಟು ದಾಟಿ ಈಚಿಕ್ ಬಂದ್ರೆ ಕಾಲು ಮುರೀತೀನಿ." ಹುಡುಗ ಎದ್ದ, ಕೈ ತೊಳೆದ, ತಟ್ಟೆಯನ್ನು ತಂದು ಒಳಗಿಟ್ಟ, ಹೋದ.

ಯುದ್ಧದ ಕಾಲ. ಪಟಾಲಮ್ಮು ಸೇರಿದ ಎಂದರು ಕೆಲವರು, ಬರ್ಮಾ ಕಡೆಗೆ ಹಡಗು ಹತ್ತಿದ ಎಂದರು ಇನ್ನು ಕೆಲವರು. ಹಡಗು ಮುಳುಗಿದ ಸುದ್ದಿಯನ್ನು ಗೇಟಿನಲ್ಲಿ ನಿಂತು ಯಾರಾದರೂ ಓದಿ ಹೇಳಿದರೆ ಗೇಟಿನವ್ವ ಕೈಯಲ್ಲಿದ್ದ ಕೆಲಸ ಹಾಗೆಯೇ ಹಿಡಿದು ನಿಂತುಬಿಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ, ಮಗ ಇದ್ದಾನೋ ಇಲ್ಲವೋ. ಗಂಡನ ಎದುರು ಅವನ ಹೆಸರೆತ್ತುವಂತಿರಲಿಲ್ಲ. ರೈಲ್ವೆಯವರಿಗೆ ಪಾಸು ಸಿಗುತ್ತಿತ್ತು, ಆದರೆ ಪಾಸು ತೆಗೆದುಕೊಂಡು ಯಾವ ಊರಿಗೆ ಎಂದು ಹೋಗುವುದು?

ಹಾಗಾಗಿ ರೈಲು ನೋಡುತ್ತಿದ್ದಳು. ಸದ್ದಾದರೆ ಸಾಕು, ಹೊಂಗೆಮರದ ಕೆಳಗೆ ಬಂದು ನಿಲ್ಲುವಳು. ನಾನೂ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಜೊತೆಗೆ ನಿಲ್ಲುತ್ತಿದ್ದೆ. ಸಿಪಾಯಿಗಳು ತುಂಬಿದ ಗಾಡಿ, ಹೇಸರಗತ್ತೆಗಳ ಗಾಡಿ, ಸೌದೆ, ಸಕ್ಕರೆ ಮೂಟೆ... ಎಲ್ಲವನ್ನೂ ನೋಡಿದೆವು. ಸಿಪಾಯಿಗಳ ಗಾಡಿ ಬಂದ ದಿನ ಅವಳ ಕಣ್ಣು ಕಿಟಕಿಯಿಂದ ಕಿಟಕಿಗೆ ಓಡುತ್ತಿತ್ತು. ಗಾಡಿ ಹೋದ ಮೇಲೆ, "ಬುಡು, ಇದ್ರಲ್ಲಿರ್ನಿಲ್ಲ" ಎಂದು ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು. ಈಗ ನೆನೆದರೆ ನನಗೇ ಆಯಾಸವಾಗುತ್ತದೆ. ಆ ಹೆಂಗಸು ಎಷ್ಟು ಗಾಡಿ ನೋಡಿದಳೋ.

ಆಮೇಲೆ ವಿಮಾನದ ರೆಕ್ಕೆಗಳು ಬರತೊಡಗಿದವು. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಆಗಿದೆ ಎಂದು ಕೇಳಿದ್ದೆವು. ತೆರೆದ ಬೋಗಿಗಳ ಮೇಲೆ ಟಾರ್ಪಾಲು ಹೊದಿಸಿದ ಉದ್ದನೆಯ ರೆಕ್ಕೆ, ಬಾಲ, ಹೊಟ್ಟೆಯ ಭಾಗ. ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಹೇಳುತ್ತಿರಲಿಲ್ಲ, ಕೇಳಲೂಬಾರದು ಎಂದು ಸ್ಟೇಷನ್ನಿನವರು ಗದರಿದ್ದರು. ಮೊದಲ ಸಲ ನೋಡಿದ ದಿನ ಕಬ್ಬಿನ ಗಾಡಿಯವರೆಲ್ಲ ಎತ್ತು ಬಿಟ್ಟು ಬಂದು ನಿಂತಿದ್ದರು.

"ಅಲ್ಲ ಕಣ್ಲಾ, ರೆಕ್ಕೆ ಮಡೀಕಂಡು ಇದ್ಯಾಕ್ಲಾ ರೈಲತ್ತದೆ? ಹಾರ್ಕಂಡು ಹೋಗದಲ್ವಾ?"

"ಅದಿನ್ನೂ ಕೂಸು ಕಣ್ಲೇ. ಹಾರಾದ ಕಲ್ಸಾಕೆ ಕರ್ಕಂಡು ಹೋಯ್ತಾವ್ರೆ."

ಎಲ್ಲರೂ ನಕ್ಕರು. ಗೇಟಿನವ್ವ ನಗಲಿಲ್ಲ. ಅವತ್ತು ಯಾರದೋ ಗಾಡಿಯ ಎತ್ತು ಗೇಟಿನ ನಡುವೆ ಮೊಂಡಾಟ ಮಾಡಿ, ಗೇಟು ಮುಚ್ಚಲಾಗದೆ, ರೈಲು ನಮ್ಮ ಮನೆಗಳ ಎದುರಿಗೇ ನಿಂತಿತ್ತು. ರೆಕ್ಕೆಯ ಅಂಚಿಗೆ ಉದ್ದಕ್ಕೂ ಭತ್ತದ ಹುಲ್ಲು ಮೆತ್ತಗೆ ಸುತ್ತಿ, ಹುಲ್ಲಿನ ಹಗ್ಗ ಬಿಗಿದಿದ್ದರು. ಅವಳು ಬೇಲಿ ದಾಟಿ, ಕಂಬಿ ಪಕ್ಕದ ಜಲ್ಲಿಕಲ್ಲು ಏರಿ, ಕೈ ಚಾಚಿ ಆ ಹಗ್ಗ ಮುಟ್ಟಿದಳು. ಬೆರಳಾಡಿಸುತ್ತಾ ಹೋಗಿ ತುದಿ ಹಿಡಿದಳು. ತುದಿಯಲ್ಲಿ ಪುಟ್ಟ ಕುಣಿಕೆ ಇತ್ತು, ಎಳೆಗಳು ಒಳಕ್ಕೆ ತೂರಿದ್ದವು. ಹುರಿ ಎಡಕ್ಕೆ ತಿರುಗಿತ್ತು.

ರೈಲು ಹೊರಟಿತು. ಜಾರಿಹೋಗುವ ಹಗ್ಗದಿಂದ ಒಂದು ಮೋಟು ತುಂಡು ಅವಳ ಕೈಯಲ್ಲಿ ಉಳಿಯಿತು. ಬಂದು ನನ್ನ ಮುಂದೆ ಹಿಡಿದಳು. "ಬದುಕವ್ನೆ ಕಣವ್ವ," ಎಂದಳು, ಬೇರೆ ಯಾರದೋ ಸುದ್ದಿ ಹೇಳುವಷ್ಟು ಮೆಲ್ಲಗೆ. ಆಮೇಲೆ ಅಲ್ಲಿಯೇ ಕುಕ್ಕರಿಸಿದಳು. ನಾನು ನೀರು ತಂದುಕೊಟ್ಟೆ.

ಬೆಂಗಳೂರಿಗೆ ಹೋಗಿ ನೋಡಿಬಾರದೇ ಎಂದು ನಾನು ಕೇಳಿದ್ದುಂಟು. "ಬಾಗ್ಲಲ್ಲಿ ಬಂದೂಕದೋರು ಕಾಯ್ತಾರಂತೆ. ನಾನೋಗಿ ಗೋಳಾಡುದ್ರೆ ಅವ್ನ ಕೆಲ್ಸುಕ್ಕೇ ಕಲ್ಲು ಬೀಳ್ತದೆ. ಪಾಸು ಬೇಕಂದ್ರೆ ಈವಯ್ಯನ್ನೇ ಕೇಳ್ಬೇಕು. ಈವಯ್ಯ ಯಾಕಂತಾನೆ." ಅಷ್ಟೇ ಅವಳ ಉತ್ತರ. ತುಂಡು ಹಗ್ಗವನ್ನು ಒಳಗಿನ ಗೂಟಕ್ಕೆ ನೇತುಹಾಕಿದಳು, ತನ್ನ ಹಗ್ಗಗಳ ಜೊತೆಗೇ. ಗಂಡನಿಗೆ ಗೊತ್ತಾಗುವುದು ಹೇಗೆ, ಎಲ್ಲವೂ ಎಡಹುರಿಯವೇ ಅಲ್ಲವೇ ಎಂದುಕೊಂಡಳು.

ಅಲ್ಲಿಂದ ನಮ್ಮ ರೈಲು ನೋಡುವುದು ಬೇರೆಯಾಯಿತು. ಸಿಪಾಯಿಗಳ ಗಾಡಿಗೆ ಅವಳು ತಲೆಯೆತ್ತುತ್ತಲೂ ಇರಲಿಲ್ಲ. ರೆಕ್ಕೆ ಹೊತ್ತ ಬೋಗಿ ಬಂದರೆ ಮಾತ್ರ ಓಡುವಳು. ಏನು ಪುಣ್ಯವೋ, ಆ ಗಾಡಿಗಳು ಬಂದಾಗೆಲ್ಲ ಗೇಟಿನಲ್ಲಿ ಯಾವುದಾದರೂ ಕಬ್ಬಿನ ಗಾಡಿ ಸಿಕ್ಕಿಕೊಂಡಿರುತ್ತಿತ್ತು, ರೈಲು ನಮ್ಮೆದುರು ಒಂದಷ್ಟು ಹೊತ್ತು ನಿಲ್ಲುತ್ತಿತ್ತು. ಅವಳು ಹಗ್ಗ ಮುಟ್ಟಿ ನೋಡಿ, ಎಡಹುರಿ ಇದ್ದರೆ ಆ ದಿನ ಹೊಟ್ಟೆ ತುಂಬ ಉಣ್ಣುವಳು. ಬಲಹುರಿಯೇ ಇದ್ದರೆ, "ಇವತ್ತು ರಜ ಇರ್ಬೈದು, ಜರ ಗಿರ ಬಂದಿರ್ಬೈದು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಓಡಾಡುವಳು.

ಒಂದು ಸಲ ಅವಳಿಗೊಂದು ಯೋಚನೆ ಬಂತು. ಖಾಲಿ ಬೋಗಿಗಳು ಹುಲ್ಲು, ಹಗ್ಗಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿಕೊಂಡು ಬೆಂಗಳೂರಿಗೆ ಹಿಂತಿರುಗುತ್ತಿದ್ದವು, ಸ್ಟೇಷನ್ನಿನಲ್ಲಿ ಇಂಜಿನ್ನು ನೀರು ತುಂಬಿಕೊಳ್ಳಲು ನಿಲ್ಲುತ್ತಿತ್ತು. ತಾನು ಹೊಸೆದ ಹಗ್ಗವೊಂದಕ್ಕೆ ಎರಡು ತುದಿಗೂ ಕುಣಿಕೆ ಮಾಡಿ ಆ ಗುಡ್ಡೆಗೆ ತೂರಿಸಿ ಬಂದಳು. ಆಮೇಲೆ ಕಾದಳು. ಎಷ್ಟು ಕಾದೆವೋ... ಮಳೆಗಾಲ ಬಂದು ಹೋಯಿತು. ಒಂದು ಮಧ್ಯಾಹ್ನ ನಿಂತ ರೆಕ್ಕೆಯ ಹಗ್ಗದಲ್ಲಿ ಎರಡು ತುದಿಗೂ ಕುಣಿಕೆ ಇತ್ತು, ಅವಳು ಕಳಿಸಿದ್ದಲ್ಲ, ಹೊಸ ಹುಲ್ಲಿನದು. ಅವಳು ಆ ಕುಣಿಕೆಯೊಳಗೆ ಬೆರಳು ತೂರಿಸಿ, ರೈಲು ಅಲ್ಲಾಡುವವರೆಗೂ ಹಾಗೆಯೇ ಹಿಡಿದು ನಿಂತಿದ್ದಳು.

ಇದು ಮುಗಿದದ್ದು ಒಂದು ಕಬ್ಬಿನ ಕಾಲದಲ್ಲಿ. ಚಳವಳಿಯವರು ತಂತಿ ಕಡಿದರು, ಕಂಬಿ ಕಿತ್ತರು ಎಂದು ದಿನವೂ ಸುದ್ದಿ. ಎಲ್ಲರ ಮೇಲೂ ಅನುಮಾನ. ಅವತ್ತು ಗೇಟಿನಲ್ಲಿದ್ದುದು ನಮ್ಮ ಯಜಮಾನರ ಗಾಡಿ. ರೆಕ್ಕೆಯ ರೈಲು ದೂರದಲ್ಲಿ ಕೂಗಿದ್ದು ನನಗೂ ಕೇಳಿಸಿತು. ಗಾಡಿ ಕಂಬಿಯ ನಡುವೆ ಬಂದು ನಿಂತಿತು, ಮಾಮೂಲಿನಂತೆ. ಆದರೆ ಹೊರೆ ಹೆಚ್ಚಾಗಿತ್ತೋ ಏನೋ, ಗಾಲಿ ಅಚ್ಚಿನಿಂದ ಕಳಚಿ ಬಿತ್ತು. ಗಾಡಿ ವಾಲಿತು, ಕಬ್ಬೆಲ್ಲ ಕಂಬಿಯ ಮೇಲೆ ಹರಡಿತು. ರೈಲು ನಿಂತಲ್ಲೇ ನಿಂತಿತು, ಬಹಳ ಹೊತ್ತು. ಗಲಾಟೆ ಶುರುವಾದ ಮೇಲೆ ಬೋಗಿಯ ಕಾವಲಿಗೆ ಹಾಕಿದ್ದ ಮಿಲಿಟರಿಯವನೂ ಪೊಲೀಸಿನವನೂ ಇಳಿದು ಬಂದರು. ರೆಕ್ಕೆಯ ಹತ್ತಿರವಿದ್ದ ಗೇಟಿನವ್ವ ಅವರ ಹಿಂದೆಯೇ ಬಂದಳು.

ಗಾಲಿ ಜಾರದಂತೆ ಅಚ್ಚಿನ ತುದಿಗೆ ಹಾಕುವ ಕಬ್ಬಿಣದ ಕಡಾಣಿ ಗೇಟಿನಯ್ಯನ ಕೈಯಲ್ಲಿತ್ತು.

"ಕಡಾಣಿ ನಿನ್ನ ಕೈಯಲ್ಲಿ ಯಾಕಿದೆ?" ಎಂದು ಪೊಲೀಸಿನವನು ಕೇಳಿದ.

ನಮ್ಮ ಯಜಮಾನರು ಬಾಯಿ ತೆರೆದರು. ಅವರಿಗಿಂತ ಮೊದಲು ಅಯ್ಯನೇ ಹೇಳಿದ. "ಗಾಡಿಯೋಂದೇನೂ ತಪ್ಪಿಲ್ಲ ಬುದ್ಧಿ. ನಾನೇ ಕಿತ್ತಿದ್ದು."

"ಯಾರು ಹೇಳಿಕೊಟ್ಟರು? ಯಾವ ಗುಂಪಿನವನು ನೀನು?"

"ಯಾರೂ ಇಲ್ಲ ಬುದ್ಧಿ. ತಲೆ ಕೆಟ್ಟಿತ್ತು."

ಎಷ್ಟು ಕೇಳಿದರೂ, ಏಟು ಬಿದ್ದರೂ ಅದೇ ಮಾತು. ಮಗನ ಹೆಸರು ಅವತ್ತೂ ಆತನ ಬಾಯಿಗೆ ಬರಲಿಲ್ಲ. ಬಂದಿದ್ದರೆ ಅಪ್ಪ ಇಲ್ಲಿ, ಮಗ ಅಲ್ಲಿ ಸೇರಿ ಯುದ್ಧದ ಗಾಡಿ ಕೆಡಿಸುತ್ತಿದ್ದಾರೆ ಎನ್ನುತ್ತಿದ್ದರು. ಆತನನ್ನು ಮಂಡ್ಯಕ್ಕೆ ಕರೆದೊಯ್ದರು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ನನಗೆ ಎಲ್ಲ ಹೇಳಿದರು. ರೆಕ್ಕೆಯ ರೈಲು ಬರುತ್ತದೆಂದು ಸ್ಟೇಷನ್ನಿನಿಂದ ತಿಳಿದೊಡನೆ ಅಯ್ಯ ಗಾಡಿಯವರಿಗೆಲ್ಲ ಮೊದಲೇ ಹೇಳಿರುತ್ತಿದ್ದನಂತೆ: ಗೇಟಿನ ಮಧ್ಯಕ್ಕೆ ಬಂದಾಗ ಕಡಾಣಿ ಕಿತ್ತುಕೊಳ್ಳುತ್ತೇನೆ, ಎತ್ತು ಬಿಗಿಯಾಗಿ ಹಿಡಿದು ನಿಂತಿರಿ, ಯಾಕೆ ಎಂದು ಕೇಳಬೇಡಿ. ಯಾರೂ ಕೇಳಿರಲಿಲ್ಲ. ರೆಕ್ಕೆಯ ರೈಲು ನಮ್ಮೆದುರು ನಿಲ್ಲುತ್ತಿದ್ದುದು ಪುಣ್ಯದಿಂದಲ್ಲ.

ಕೊನೆಗೆ ಚಳವಳಿಯವನಲ್ಲ ಎಂದು ಬಿಟ್ಟರು, ಆದರೆ ಕೆಲಸ ಹೋಯಿತು, ಮನೆ ಖಾಲಿ ಮಾಡಬೇಕಾಯಿತು. ಆತ ಹಿಂತಿರುಗಿ ಬಂದು ಹೊಂಗೆಮರದ ಕೆಳಗೆ ಕೂತ. ಕೆನ್ನೆ ಇಳಿದುಹೋಗಿತ್ತು. ಗೇಟಿನವ್ವ ರಾಗಿ ಅಂಬಲಿಯ ಚೊಂಬು ಪಕ್ಕದಲ್ಲಿಟ್ಟಳು.

"ನಿಂಗೂ ಗೊತ್ತಿತ್ತಾ?"

"ಗೂಟುಕ್ಕೆ ನೇತಾಕಿದ್ದಲ್ಲ. ನಿನ್ ಹುರಿ ಬಿಗಿ. ಅದು ಸಡ್ಲ. ಮೊದ್ಲಿಂದ್ಲೂ ಅವ್ನದು ಅವಸ್ರದ ಕೈ."

"ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

ಆತ ಅಂಬಲಿ ಕುಡಿದು ಚೊಂಬು ಕೆಳಗಿಟ್ಟ. "ಏನಂತ ಏಳಾನ," ಎಂದ.

ಹೊಳಲಿನಲ್ಲಿ ಅವಳ ತವರಿತ್ತು. ಸಾಮಾನು ಹೇರಿಕೊಂಡು ಹೋದದ್ದು ನಮ್ಮ ಗಾಡಿಯಲ್ಲೇ. ಹೊರಡುವ ಮೊದಲು ಹೊಂಗೆಯ ಕೆಳಗಿನ ಕೊಂಬೆಗೆ ಒಂದು ಎಡಹುರಿ ನಾರಿನ ಹಗ್ಗ ಕಟ್ಟಿದಳು, ಎರಡು ತುದಿಗೂ ಕುಣಿಕೆ. "ಬಂದ್ರೆ ಹೊಳಲು ಅನ್ನವ್ವ," ಎಂದಳು. ನನ್ನ ಮಗನ ಕೆನ್ನೆಯನ್ನು ಎಡಗೈಯಲ್ಲಿ ಸವರಿದಳು. ಆಮೇಲೆ ನಾನು ಅವಳನ್ನು ನೋಡಲೇ ಇಲ್ಲ...

ಹೊಸ ಗೇಟಿನವನು ಬಂದ. ರೆಕ್ಕೆಯ ರೈಲುಗಳು ನಿಲ್ಲದೆ ಹೋಗತೊಡಗಿದವು. ನಾನು ಒಬ್ಬಳೇ ಹೊಂಗೆಯ ಕೆಳಗೆ ನಿಂತು ಹುರಿ ನೋಡಲು ಪ್ರಯತ್ನಪಟ್ಟೆ, ಆ ವೇಗದಲ್ಲಿ ಏನು ಕಾಣುತ್ತದೆ? ಒಂದು ಸುಗ್ಗಿಯಲ್ಲಿ ಹೊಳಲಿನ ಕಡೆಯ ಗಾಡಿಯವರು ಗೇಟಿನಯ್ಯ ಹೋಗಿಬಿಟ್ಟ ಎಂದರು. ಮಂಡ್ಯದಿಂದ ಬಂದ ಮೇಲೆ ಆತ ಸರಿಯಾಗಿ ಎದ್ದೇ ಇರಲಿಲ್ಲವಂತೆ. ಯುದ್ಧವೂ ಮುಗಿಯಿತು, ರೆಕ್ಕೆಗಳು ಬರುವುದು ನಿಂತಿತು.

ಕಾರ್ಖಾನೆಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದಾರೆ ಎಂದು ಕೇಳಿದ ದಿನಗಳು. ಒಂದು ಬೆಳಗ್ಗೆ ಸೆಗಣಿ ಬಾಚುತ್ತಿದ್ದೆ. ಗೇಟಿನ ಆಚೆ ಬದಿಯಲ್ಲಿ ಷರಾಯಿ ತೊಟ್ಟ ಒಬ್ಬ ಟ್ರಂಕು ಕೆಳಗಿಟ್ಟು ನಿಂತಿದ್ದ. ಗೇಟು ತೆರೆದೇ ಇತ್ತು. ಗಾಡಿಗಳು, ದನಗಳು, ಜನ ಎಲ್ಲರೂ ದಾಟುತ್ತಿದ್ದರು, ಅವನು ಮಾತ್ರ ದಾಟಲಿಲ್ಲ. ಎಷ್ಟೋ ಹೊತ್ತಾದ ಮೇಲೆ ನನಗೆ ಹೊಳೆಯಿತು. ಕೈ ತೊಳೆದುಕೊಂಡು ನಾನೇ ಆಚೆಗೆ ಹೋದೆ. ಮುಖ ಗೇಟಿನವ್ವನದೇ.

"ನಮ್ಮಪ್ಪ ಈಗ್ಲೂ ಕ್ವಾಪ್ದಲ್ಲೇ ಅವ್ರಾ ಅಕ್ಕಾ?" ಎಂದು ಕೇಳಿದ.

ಆ ಮಾತಿಗೆ ನಾನೇ ಉತ್ತರ ಹೇಳಬೇಕಾಯಿತು. ಅಪ್ಪ ಇಲ್ಲವೆಂದೂ ಹೇಳಿದೆ, ಕಡಾಣಿಯ ಕಥೆಯನ್ನೂ ಹೇಳಿದೆ. ಎರಡನ್ನೂ ಒಟ್ಟಿಗೆ ಹೇಳಬಾರದಿತ್ತೋ ಏನೋ, ಬೇರೆ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಅವನು ಟ್ರಂಕಿನ ಮೇಲೆ ಕೂತ. ಗಾಡಿಯಿಂದ ಉದುರಿದ್ದ ಹುಲ್ಲನ್ನು ಎಡಗೈಯಲ್ಲಿ ಎತ್ತಿಕೊಂಡು ಹೊಸೆಯುತ್ತಾ ಕೂತ, ಹೊಸೆದದ್ದನ್ನು ಬಿಚ್ಚುತ್ತಾ, ಮತ್ತೆ ಹೊಸೆಯುತ್ತಾ. ಅವ್ವ ಹೊಳಲಿನಲ್ಲಿದ್ದಾಳೆ, ಕಾಯುತ್ತಿದ್ದಾಳೆ ಎಂದೆ. ಹೊಳಲಿಗೆ ಹೋಗಬೇಕೆಂದರೆ ಮಂಡ್ಯದ ದಾರಿ, ಮಂಡ್ಯದ ದಾರಿ ಗೇಟಿನ ಈಚೆಗೆ.

ಅವನು ಎದ್ದ. ಟ್ರಂಕು ಹೆಗಲಿಗೇರಿಸಿ, ಕಾಲನ್ನೇ ನೋಡಿಕೊಂಡು, ಒಂದು ಕಂಬಿ ದಾಟಿದ, ಇನ್ನೊಂದು ಕಂಬಿ ದಾಟಿದ. ಗೇಟಿನ ಕಂಬಕ್ಕೆ ಒಂದು ಗಳಿಗೆ ಕೈ ಆನಿಸಿ ನಿಂತ. ಹೊಂಗೆಯ ಕೊಂಬೆಯಿಂದ ಹಗ್ಗ ಬಿಚ್ಚಿಕೊಂಡು ಹೋದ.

ತಾಯಿ ಮಗ ಒಟ್ಟಿಗೆ ಬದುಕಿದರಂತೆ, ಅವಳು ಮೊಮ್ಮಕ್ಕಳನ್ನೂ ಕಂಡಳಂತೆ. ಮೊಮ್ಮಕ್ಕಳನ್ನೂ ಎಡಹುರಿಯಲ್ಲೇ ತೂಗಿದಳೋ ಏನೋ. ಅವಳು ತೀರಿಕೊಂಡ ಸುದ್ದಿ ನನಗೆ ಬಂದದ್ದು ತಡವಾಗಿ, ತಿಥಿಯೆಲ್ಲ ಕಳೆದ ಮೇಲೆ. ಒಂದು ಸಲ ಹೊಳಲಿಗೆ ಹೋಗಿ ಬರಬೇಕು ಎಂದು ವರುಷವರುಷವೂ ಅಂದುಕೊಂಡಿದ್ದೆ. ಸಂಸಾರ, ಹೆರಿಗೆ, ಗದ್ದೆ... ಮಂಡ್ಯದ ಆಚೆಯ ಊರು ಅಷ್ಟೇನೂ ದೂರವಿರಲಿಲ್ಲ.

ತೊಟ್ಟಿಲಿನ ಹಗ್ಗ ಬಲಹುರಿಯದು. ಚನ್ನಪಟ್ಟಣದ ಯಾರೋ ಹೊಸೆದದ್ದು, ಅದಕ್ಕೇನು. ಆದರೂ ಬಿಚ್ಚಿದ ಹುಲ್ಲಿನಿಂದ ಒಂದು ಹಿಡಿ ತೆಗೆದುಕೊಂಡು ಎಡಕ್ಕೆ ಹೊಸೆದು ನೋಡಿದೆ. ಎಷ್ಟು ದಿನ ಅವಳ ಪಕ್ಕ ಕೂತಿದ್ದೆ, ಅಷ್ಟೂ ಬರದೇ ಇರುತ್ತದೆಯೇ ಎಂದುಕೊಂಡೆ. ಕೈ ಬಿಟ್ಟೊಡನೆ ಬಿಚ್ಚಿಕೊಂಡಿತು. ಇನ್ನೊಂದು ಸಲ ಹೊಸೆದೆ, ಬಿಚ್ಚಿಕೊಂಡಿತು. ಒಳಗೆ ಮಗು ಎದ್ದು ಅಳತೊಡಗಿತು. ಮಡಿಲ ತುಂಬ ಹುಲ್ಲು, ಏಳಲು ಸೊಂಟ ಬರಲಿಲ್ಲ. "ಬಂದೆ ಕಣವ್ವ, ಬಂದೆ" ಎನ್ನುತ್ತಾ, ಗೋಡೆ ಹಿಡಿದು ಎದ್ದೆ.